ಮಾವನ ಎರಡನೇ ಗೇರು, ಅವ್ವನ ದೀಪ

ತಿರುಗುವಂಥದ್ದು ಏನೇ ಇರಲಿ, ಅದನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲೆ ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲವೊಂದಿತ್ತು. ಆ ಕಾಲ ಹೋದ ದಸರೆಯವರೆಗೂ ಇತ್ತು.

ಹಾಗೆ ಹೇಳಿಕೊಳ್ಳಲು ನನಗೆ ಹಕ್ಕೂ ಇತ್ತೆನ್ನಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಕೊಪ್ಪಳದಲ್ಲಿ ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುವುದನ್ನು ಕಲಿತು, ಸ್ವಂತ ಅಂಗಡಿ ಹಾಕಿ, ಭಾಗ್ಯನಗರದಲ್ಲಿ ಸ್ವಂತ ಮನೆ ಕಟ್ಟಿದವನು ನಾನು. ಯಲಬುರ್ಗಾ, ಕುಷ್ಟಗಿ ಕಡೆಯ ರೈತರು ಸುಟ್ಟ ಮೋಟರನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ನನ್ನ ಅಂಗಡಿಯನ್ನೇ ಕೇಳಿಕೊಂಡು ಬರುತ್ತಾರೆ. ಮನೆಯ ಫ್ಯಾನು, ಮಿಕ್ಸಿ, ಎದುರು ಮನೆಯ ಟೇಲರ್ ಖಾಜಾಸಾಬ ಕಾಕಾನ ಹೊಲಿಗೆ ಯಂತ್ರ, ಯಾವುದನ್ನೂ ಬೇರೆಯವರ ಕೈಗೆ ಹೋಗಲು ಬಿಟ್ಟವನಲ್ಲ. ಪಂಪ್‌ಸೆಟ್ಟಿಗೆ ಗೇರ್ ಇರುವುದಿಲ್ಲ ಎಂಬ ಸಣ್ಣ ಸಂಗತಿಯೊಂದು ಮಾತ್ರ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ದಸರೆ ಹತ್ತಿರ ಬಂದಾಗ ಹುಲಿಹೈದರದಿಂದ ನನ್ನ ಮಾವ, ಅಂದರೆ ಹೆಂಡತಿ ಗಿರಿಜಾಳ ಅಪ್ಪ, ತಮ್ಮ ಹಳೇ ಮೋಟಾರ್ ಸೈಕಲ್ಲಿನ ಮೇಲೆ ನಮ್ಮ ಮನೆಗೆ ಬಂದರು. ಆ ಗಾಡಿಯೆಂದರೆ ಅವರಿಗೆ ಎತ್ತಿಗಿಂತ ಹೆಚ್ಚು. ಕೊಂಡ ವರ್ಷದಿಂದ ಅವರದೊಂದು ನೇಮ. ವಿಜಯದಶಮಿಯ ದಿನ ಅದೇ ಗಾಡಿಯ ಮೇಲೆ ಹೇಮಗುಡ್ಡಕ್ಕೆ ಹೋಗಿ, ದೇವಿಗೆ ಕಾಯಿ ಒಡೆಸಿ, ಅದೇ ಕಾಯಿನೀರನ್ನು ಗಾಡಿಯ ಗಾಲಿಗೂ ಹಾಕಬೇಕು. ಒಂದು ವರ್ಷವೂ ತಪ್ಪಿಸಿದವರಲ್ಲ. ಈಗ ನೋಡಿದರೆ ಗಾಡಿ ಎರಡನೇ ಗೇರಿನಲ್ಲಿ ಸ್ವಲ್ಪ ದೂರ ಹೋಗಿ 'ಕಟ್' ಎಂದು ನ್ಯೂಟ್ರಲ್ಲಿಗೆ ಜಿಗಿಯುತ್ತಿತ್ತು.

"ಗಂಗಾವತ್ಯಾಗ ಒಬ್ಬ ಮಿಸ್ತ್ರಿ ಅದಾನ. ಹಬ್ಬದೊಳಗ ಅವಗ ತೋರಸ್ತೀನಿ" ಎಂದರು ಮಾವ.

"ಮನ್ಯಾಗ ಅಳಿಯ ಇರಬೇಕಾದ್ರ ಗಂಗಾವತಿ ಮಿಸ್ತ್ರಿ ಯಾಕ್ರಿ ಮಾವಾರ? ಇಲ್ಲೇ ಬಿಟ್ಟು ಹೋಗ್ರಿ. ದಶಮಿ ದಿನ ಬಂದು ಹತ್ತಿ ಹೊಂಡ್ರಿ!"

ಮಾವ ನನ್ನನ್ನು ನೋಡಲಿಲ್ಲ. ಮಗಳನ್ನು ನೋಡಿದರು. ಗಿರಿಜಾ, "ಕೊಡು ಅಪ್ಪಾ. ಮಾಡ್ತಾರ. ನಾ ಅದೀನಲ್ಲ" ಎಂದಳು. ಮಾವ ಕೀಲಿಕೈಯನ್ನು ನನಗೆ ಕೊಡದೆ ಅವಳ ಕೈಯಲ್ಲಿಟ್ಟು ಬಸ್ ಹತ್ತಿದರು.

ಅವರು ಹೋದ ಮೇಲೆ ಗಿರಿಜಾ ಮೆಲ್ಲಗೆ ಹೇಳಿದಳು: "ನೋಡ್ರಿ, ತವರಮನಿ ಮುಂದ ನಿಮ್ಮ ಸಲುವಾಗಿ ನಾ ಜಾಮೀನು ನಿಂತಿದ್ದು ಇದೇ ಮೊದಲ. ದಶಮಿ ದಿನ ಅಪ್ಪ ಬಸ್ಸಿನ್ಯಾಗ ಹೇಮಗುಡ್ಡಕ್ಕ ಹೋಗೋ ಹಂಗ ಆತು ಅಂದ್ರ, ದೀಪಾವಳಿಗೆ ನಾ ಯಾವ ಮಾರಿ ಹೊತ್ಕೊಂಡು ತವರಿಗೆ ಹೋಗ್ಲಿ?"

"ಇದೇ ಮಾರಿ ಹೊತ್ಕೊಂಡು ಹೋಗು. ಛಲೋ ಐತಿ" ಎಂದೆ. ಅಷ್ಟು ಧೈರ್ಯ ನನಗೆ!

ಮರುದಿನ ಸಂಜೆಯಿಂದ ಪಡಸಾಲೆಯಲ್ಲಿ ಕಾರ್ಯಾರಂಭವಾಯಿತು. ಗೇರ್ ಶಾಫ್ಟ್ ಹೊರಗೆ ಬರಬೇಕಾದರೆ ಇಂಜಿನ್ನನ್ನು ಇಳಿಸಿ ನಡುವೆ ಎರಡು ಹೋಳು ಮಾಡಬೇಕು. ಶೇಂಗಾಕಾಯಿ ಒಡೆದರೆ ಒಳಗೆ ಎರಡು ಬೀಜ ಮಗ್ಗುಲು ಮಗ್ಗುಲಿಗೆ ಮಲಗಿರುತ್ತವಲ್ಲ, ಹಾಗೆ ಗೇರುಗಳನ್ನು ಪೋಣಿಸಿಕೊಂಡ ಎರಡು ಶಾಫ್ಟುಗಳು ಮಲಗಿರುತ್ತವೆ. ಶೇಂಗಾ ಒಡೆಯಲು ಬೆರಳು ಸಾಕು. ಇದಕ್ಕೆ ಸಾಲಲಿಲ್ಲ. ತಿಳಿದ ಮಿಸ್ತ್ರಿಗಳು ನೇರ ಸುತ್ತಿಗೆಯಿಂದ ಬಡಿಯುವುದಿಲ್ಲ, ನಡುವೆ ಕಟ್ಟಿಗೆ ಇಟ್ಟು ಬಡಿಯುತ್ತಾರೆ. ನಾನೂ ಕಟ್ಟಿಗೆ ಇಟ್ಟೇ ಬಡಿದೆ. ಆ ಕಟ್ಟಿಗೆ ಗಿರಿಜಾಳ ಲಟ್ಟಣಿಗೆಯಾಗಿತ್ತು!

ಎದುರಿನ ಕಟ್ಟೆಯ ಮೇಲೆ ಚಹಾ ಹಿಡಿದುಕೊಂಡು ಕುಳಿತಿದ್ದ ಖಾಜಾಸಾಬ ಕಾಕಾ ಎದ್ದು ಬಂದ.

"ಲೇ ಹನುಮಪ್ಪ, ಹಾವಾಡಿಗ ಬುಟ್ಟಿ ಮುಂದ ಕುಂತಂಗ ಕುಂತಿಯಲ್ಲೋ. ಒಳಗ ಏನೈತಿ ಗೊತ್ತೈತೇನು?"

"ಎಲ್ಲಾ ಗೊತ್ತೈತಿ ಕಾಕಾ. ನೀ ಚಹಾ ಕುಡಿ."

ಫಟ್! ಇಂಜಿನ್ ಬಾಯಿ ಬಿಟ್ಟಿತು. ಇಲ್ಲಿ ಮಾಡಬೇಕಾದದ್ದು ಏನೆಂದರೆ, ಎರಡೂ ಶಾಫ್ಟುಗಳನ್ನು, ಗೇರುಗಳನ್ನು ಅತ್ತಿತ್ತ ಸರಿಸುವ ಕವೆಯಂಥ ಫೋರ್ಕುಗಳ ಸಮೇತ, ಅವಳಿ ಕೂಸುಗಳನ್ನು ಎತ್ತಿಕೊಂಡಂತೆ ಒಟ್ಟಿಗೆ ಎತ್ತಬೇಕು. ಇದು ನನಗೆ ಆಮೇಲೆ ತಿಳಿಯಿತು. ಆಗ ನಾನು ಒಂದನ್ನೇ ಹಿಡಿದು ಮೂಲಂಗಿ ಕಿತ್ತಂತೆ ಕಿತ್ತೆ. ಗೇರುಗಳು ಜಾರಿ ಗೋಣಿಚೀಲದ ಮೇಲೆ ಬಿದ್ದವು. ಅವುಗಳನ್ನು ತಡೆದು ಹಿಡಿದಿದ್ದ ಉಂಗುರದಂಥ ಲಾಕು 'ಟಿಂಗ್' ಎಂದು ಹಾರಿ ಕಾಕಾನ ಚಹಾದಲ್ಲಿ ಮುಳುಗಿತು.

ಕಾಕಾ ಅದನ್ನು ಬೆರಳಿನಿಂದ ಎತ್ತಿ, ಒರೆಸಿ ಕೊಟ್ಟು, "ನಮ್ಮ ಹೊಲಿಗಿ ಧಂದೇದಾಗ ಅರಿವಿ ಉಳದ್ರ ಲಾಭ. ನಿನ್ನ ಧಂದೇದಾಗ ಸಾಮಾನು ಉಳದ್ರ ಹೆಂಗಪಾ?" ಎಂದ.

"ಉಳಿಯಂಗಿಲ್ಲ ಕಾಕಾ. ನನ್ನ ತಲ್ಯಾಗ ಎಲ್ಲಾ ಐತಿ."

ತಲೆಯಲ್ಲಿ ಇಟ್ಟುಕೊಳ್ಳಲು ಒಂದು ಅಪೂರ್ವ ಉಪಾಯ ಹೊಳೆಯಿತು. ಬಿದ್ದ ಕ್ರಮದಲ್ಲೇ ಗೇರುಗಳನ್ನು ಗೋಣಿಚೀಲದ ಮೇಲೆ ಎರಡು ಸಾಲು ಮಾಡಿ ಇಟ್ಟೆ. ಎದುರುಬದುರು ಎರಡು ಸಾಲು ಅಂದರೆ ಏನು? ಮದುವೆ ಮನೆಯ ಬೀಗರ ಪಂಕ್ತಿ! ಒಂದು ಸಾಲು ಗಿರಿಜಾಳ ತವರಿನವರು, ಎದುರಿನ ಸಾಲು ನಮ್ಮ ಮನೆಯವರು. ಒಬ್ಬೊಬ್ಬರಿಗೂ ಒಂದೊಂದು ಹೆಸರು. ತಕರಾರು ಮಾಡುತ್ತಿದ್ದ ಎರಡನೇ ಗೇರಿಗೆ ಸಹಜವಾಗಿಯೇ ಮಾವನ ಹೆಸರು ಬಂತು. ಪಕ್ಕದ್ದು ಅತ್ತೆ. ಇಬ್ಬರೂ ತಿಕ್ಕಾಡಬಾರದೆಂದು ನಡುವೆ ಒಂದು ತೆಳ್ಳನೆಯ ವಾಷರ್. ಆಮೇಲೆ ದಪ್ಪನೆಯ ದೊಡ್ಡವ್ವ, ಸಣಕಲು ಚಿಕ್ಕಪ್ಪ. ನಮ್ಮ ಕಡೆ ಅವ್ವ, ಸೋದರತ್ತೆ, ಮತ್ತೆ ಫೋರ್ಕು ತಳ್ಳಿದಂತೆ ಆ ಕಡೆಗೂ ಈ ಕಡೆಗೂ ಸರಿಯುವ ಗೇರೊಂದು ಇತ್ತಲ್ಲ, ಅದಕ್ಕೆ ಗಿರಿಜಾ ಎಂದು ಹೆಸರಿಟ್ಟೆ. ಕೊನೆಯ ಗೇರೊಂದಕ್ಕೆ ಹೆಸರು ಉಳಿಯಲಿಲ್ಲ. ನನ್ನದನ್ನು ಇಡಬಹುದಿತ್ತು. ಆದರೆ ನಾನು ಇವರನ್ನೆಲ್ಲ ಹೊತ್ತ ಶಾಫ್ಟು ಎಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ.

ದಿನಾ ಅಂಗಡಿಗೆ ಹೋಗುವ ಮುಂಚೆ ಅದರ ಮುಂದೆ ನಿಂತು, "ಮಾವ, ವಾಷರ್, ಅತ್ತಿ, ದೊಡ್ಡವ್ವ..." ಎಂದು ಮಂತ್ರ ಪಠಿಸುತ್ತಿದ್ದೆ. ಗಿರಿಜಾ ಸುತ್ತ ಕಸ ಹೊಡೆಯುತ್ತಾ ಕೇಳಿ ನಗುತ್ತಿದ್ದಳು. ಮಾವನ ಗೇರನ್ನು ತಿರುಗಿಸಿ ನೋಡಿದರೆ ಮಗ್ಗುಲಿನ ಹಲ್ಲುಗಳು ಸವೆದು ದುಂಡಗಾಗಿದ್ದವು. ರೋಗ ಸಿಕ್ಕಿತು! ಅದು ಸಿಕ್ಕ ಸುದ್ದಿಯನ್ನು ಓಣಿಗೆಲ್ಲ ಹೇಳಿದೆ. ಆದರೆ ಹೊಸ ಗೇರು ಬಿಡಿಭಾಗದ ಅಂಗಡಿಗೆ ಬಂದು ನನ್ನ ಕೈ ಸೇರುವ ಹೊತ್ತಿಗೆ ಮಹಾನವಮಿಯ ಬೆಳಗಾಗಿತ್ತು. ಆ ದಿನ ಆಯುಧ ಪೂಜೆ. ನಟ್ಟು ಬಿಚ್ಚುವ ಪಾನಾ, ಸುತ್ತಿಗೆಗಳನ್ನು ಮುಟ್ಟುವಂತಿಲ್ಲ. ಇರಲಿ, ದಶಮಿಯ ಬೆಳಗಿನ ಕೆಲಸ, ಚಹಾ ಆರುವುದರೊಳಗೆ ಮುಗಿದೀತು ಎಂದುಕೊಂಡೆ.

ಅಂಗಡಿಯ ಪೂಜೆಗೆ ಹೊರಡುವಾಗ ನಾನು ಹೊಸಿಲಲ್ಲಿ ನಿಂತು ಮನೆಯ ಯಜಮಾನನ ಗತ್ತಿನಲ್ಲಿ ಅಪ್ಪಣೆ ಮಾಡಿದೆ: "ಅವ್ವಾ, ಮನ್ಯಾಗಿನ ಕಬ್ಬಿಣ ಒಂದೂ ಬಿಡಬ್ಯಾಡ. ಎಲ್ಲಾ ತೊಳದು ಪೂಜಿಗೆ ಇಡು! ಈ ಕಬ್ಬಿಣದಿಂದನ ನಾವು ಅನ್ನ ಉಣ್ಣಾಕತ್ತೀವಿ."

ನಾನು ಹುಟ್ಟಿದಾಗಿನಿಂದ ನನ್ನವ್ವ ನನ್ನ ಮಾತು ಕೇಳಿದವಳಲ್ಲ. ಆ ದಿನ ಕೇಳಿದಳು.

ಮಧ್ಯಾಹ್ನ ಮನೆಗೆ ಬಂದರೆ ಪಡಸಾಲೆಯಲ್ಲಿ ಗೋಣಿಚೀಲ ಖಾಲಿ! ದೇವರ ಜಗುಲಿಯ ಮುಂದೆ, ನವರಾತ್ರಿಗೆಂದು ಒಂಬತ್ತು ದಿನದಿಂದ ಉರಿಯುತ್ತಿದ್ದ ಘಟದ ದೀಪದ ಬೆಳಕಿನಲ್ಲಿ, ಕುಡುಗೋಲು, ಈಳಿಗೆ, ಪಾನಾಗಳ ನಡುವೆ ನನ್ನ ಬೀಗರೆಲ್ಲ ಕುಳಿತಿದ್ದರು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದಕ್ಕೆ ಬೆಳ್ಳಿಯಂತೆ ಹೊಳೆಯುತ್ತಿದ್ದರು. ಒಬ್ಬೊಬ್ಬರ ಹಣೆಗೂ ವಿಭೂತಿ, ಕುಂಕುಮ, ತಲೆಯ ಮೇಲೆ ಚೆಂಡುಹೂ. ಅದೂ ಸಣ್ಣದರಿಂದ ದೊಡ್ಡದರವರೆಗೆ ಓರಣವಾಗಿ ಒಂದೇ ಸಾಲು!

"ಅವ್ವಾ! ಇದೇನ್ ಮಾಡಿಟ್ಟಿ?"

"ಹೆಂಗ ಬೇಕ ಹಂಗ ಬಿದ್ದಿದ್ದುವು ತಮ್ಮಾ. ಚಂದಗೆ ಹೊಂದಿಸಿ ಇಟ್ಟೀನಿ. ನೋಡು, ಈಗ ಹೆಂಗ ಕಾಣಸ್ತಾವು!"

ಕೈ ಮುಂದೆ ಮಾಡಿದೆ. ಅವ್ವ ಆ ಕೈಯ ಮೇಲೆ ಫಟ್ಟನೆ ಹೊಡೆದಳು. "ಪೂಜಿಗೆ ಕುಂತದ್ದು ದಶಮಿ ಮುಂಜಾನಿ ತನಕ ಏಳಂಗಿಲ್ಲ."

ಗಿರಿಜಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಆ ದಿನ ಅವಳು ನಗಲಿಲ್ಲ.

ದಶಮಿಯ ಬೆಳಿಗ್ಗೆ ಅವ್ವ ಅಕ್ಷತೆ ಹಾಕಿ ಆಯುಧಗಳನ್ನು ಎತ್ತಿಕೊಟ್ಟಳು. ಕುಂಕುಮ ಒರೆಸಿ ಗೋಣಿಚೀಲದ ಮೇಲೆ ಹರಡಿದರೆ, ಪೌಡರ್ ಬಳಿದುಕೊಂಡು ಮದುವೆಗೆ ಬಂದ ಬಂಧುಗಳಂತೆ, ಯಾರು ಯಾರೆಂದು ಗುರುತೇ ಹತ್ತಲೊಲ್ಲದು. ನಾನು ಅವರನ್ನು ಗುರುತು ಹಿಡಿಯುತ್ತಿದ್ದುದು ಎಣ್ಣೆಯ ಜಿಡ್ಡಿನಿಂದ. ಅವ್ವ ಗುರುತನ್ನೇ ತೊಳೆದಿದ್ದಳು. ಆದರೂ ಎದೆಗುಂದಲಿಲ್ಲ. ಸಣ್ಣದರಿಂದ ದೊಡ್ಡದಕ್ಕೆ ಎಂಬ ಅವ್ವನ ಪದ್ಧತಿಯೇ ಶಾಸ್ತ್ರೀಯವಾಗಿ ಕಂಡಿತು. ಎರಡೂ ಶಾಫ್ಟಿಗೆ ಹಾಗೇ ಪೋಣಿಸಿದೆ. ಇಂಜಿನ್ನಿನಲ್ಲಿ ಕೂರಿಸಿದರೆ ದೊಡ್ಡದರ ಎದುರಿಗೆ ದೊಡ್ಡದು ಬಂದು ಡಿಕ್ಕಿ! ಸಣ್ಣದರ ಎದುರಿಗೆ ಸಣ್ಣದು ಬಂದು, ನಡುವೆ ಎಮ್ಮೆ ಹಾಯುವಷ್ಟು ಜಾಗ!

ಒತ್ತಿದೆ. ತಿರುವಿದೆ. ದೇವರ ಹೆಸರು ಹೇಳಿದೆ. ಆಮೇಲೆ ದೇವರ ಹೆಸರಲ್ಲದ್ದನ್ನೂ ಹೇಳಿದೆ.

ಒಳಗೆ ಹೋಳಿಗೆಯ ಕಣಕ ನಾದುತ್ತಿದ್ದ ಗಿರಿಜಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸ್ವಲ್ಪ ಹೊತ್ತು ನೋಡಿದಳು.

"ರೀ, ಬೀಗರ ಪಂಕ್ತ್ಯಾಗ ದೊಡ್ಡವರ ಮುಂದ ದೊಡ್ಡವರನ್ನ ಕುಂದರಿಸಿದ್ರ ಜಗಳ ಅಲ್ಲದ ಇನ್ನೇನು ಆಗತೈತಿ? ಎಲ್ಲಾ ತಗೀರಿ."

"ನಿನಗೇನ್ ಗೊತ್ತು ಇದು?"

"ದಿನಾ ಮುಂಜಾನಿ ನೀವ ಒದರತಿದ್ರೆಲ್ಲ! ಮಾವ, ವಾಷರ್, ಅತ್ತಿ, ದೊಡ್ಡವ್ವ, ಚಿಕ್ಕಪ್ಪ. ದೊಡ್ಡವ್ವ ದಪ್ಪ, ಇಕಿ ನೋಡ್ರಿ. ಚಿಕ್ಕಪ್ಪ ಸಣಕಲ, ಇಂವ. ಸೋದರತ್ತಿ ಅಂದ್ರ ಮೂಗು ಚುಚ್ಚಿಸಿದಂಗ ಸಣ್ಣ ತೂತು ಇದ್ದಾಕಿ. ನಿಮ್ಮ ಕಡಿ ಮಂದಿ ಆ ಶಾಫ್ಟಿಗೆ, ನಮ್ಮ ಕಡಿ ಮಂದಿ ಈ ಶಾಫ್ಟಿಗೆ."

ನಾನು ಎಲ್ಲವನ್ನೂ ತೆಗೆದು ಮತ್ತೆ ಪೋಣಿಸತೊಡಗಿದೆ. ಅವಳು ಹೇಳಿದ ಒಬ್ಬೊಬ್ಬರೂ ಎದುರಿನವರ ಹಲ್ಲಿಗೆ ಹಲ್ಲು ಕೂಡಿಸಿ ಕೂತರು! ಮಾವನ ಜಾಗವೊಂದನ್ನು ಬಿಟ್ಟರೆ, ಕೊನೆಗೆ ಹೆಸರಿಲ್ಲದ ಗೇರು ಉಳಿಯಿತು.

"ಇದು ಯಾರು?" ಎಂದೆ.

"ಅದು ನನಗ ಗೊತ್ತೈತಿ. ನನ್ನ ಮಗ್ಗಲಿಗೆ ಹಾಕ್ರಿ."

ಹಾಕಿದೆ. ಕೂತಿತು. ನನ್ನ ಉತ್ಸಾಹ ಮರಳಿ ಬಂತು. ಜೇಬಿನಿಂದ ಹೊಸ ಎರಡನೇ ಗೇರು ತೆಗೆದು ಜೋರಾಗಿಯೇ ಹೇಳಿದೆ: "ನಿಮ್ಮಪ್ಪನ ಹಲ್ಲು ಪೂರ್ತಿ ಸವದಾವ ಗಿರಿಜಾ. ಆತನ್ನ ತಿಪ್ಪಿಗೆ ಒಗೀತೀನಿ. ನೋಡು, ಹೊಸಾವನ್ನ ತಂದೀನಿ!"

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ತಲೆಗೆ ರುಮಾಲು, ಕೈಯಲ್ಲಿ ತೆಂಗಿನಕಾಯಿಯ ಚೀಲ, ಬಸ್ಸಿಳಿದು ಬಂದ ಮಾವ!

"ಹಲ್ಲು ಇನ್ನೂ ಗಟ್ಟಿ ಅದಾವ್ರಿ ಅಳಿಯಾರ" ಎಂದರು. ಆಮೇಲೆ ಅವರ ದೃಷ್ಟಿ ಗೋಣಿಚೀಲದ ಮೇಲೆ ಬಿತ್ತು. ಗಾಡಿಯ ಚೌಕಟ್ಟು ಗೋಡೆಗೆ ಒರಗಿತ್ತು. ಅದರ ಹೊಟ್ಟೆಯೊಳಗಿನದೆಲ್ಲ ನೆಲದ ಮೇಲಿತ್ತು. ಅವರು ಕಾಯಿಯ ಚೀಲವನ್ನು ಮೊಳೆಗೆ ತೂಗುಹಾಕಿ ಮಗಳ ಕಡೆ ನೋಡಿದರು, ಅಷ್ಟೇ. ಗಿರಿಜಾಳ ಮುಖ ಕಣಕದಂತೆ ಬೆಳ್ಳಗಾಯಿತು.

"ಆತು ಅಪ್ಪಾ, ಇನ್ನೇನು ಮುಚ್ಚೋದ ಐತಿ" ಎಂದಳು.

ಮುಚ್ಚುವುದಷ್ಟೇ ಉಳಿದಿರಲಿಲ್ಲ. ಮಾವ ಮತ್ತು ಅತ್ತೆಯ ನಡುವಿನ ವಾಷರ್ ಇರಲಿಲ್ಲ!

ಹುಡುಕಾಟ ಶುರುವಾಯಿತು. ಗೋಣಿಚೀಲ ಝಾಡಿಸಿದೆವು. ಕಸದ ಬುಟ್ಟಿ ಬೋರಲು ಹಾಕಿದೆವು. ಖಾಜಾಸಾಬ ಕಾಕಾ ತನ್ನ ಕಟ್ಟೆಯಿಂದಲೇ, "ನನ್ನ ಚಹಾದಾಗಿಲ್ಲಪಾ, ಈ ಸಲ ನೋಡೇ ಕುಡದೀನಿ" ಎಂದು ಸಾಕ್ಷಿ ಹೇಳಿದ.

"ಒಂದು ವಾಷರ್ ಇಲ್ಲದಿದ್ರ ನಡಿಯಂಗಿಲ್ಲೇನ್ರಿ?" ಎಂದರು ಮಾವ.

"ಇಲ್ರಿ ಮಾವಾರ. ಅದಿಲ್ಲ ಅಂದ್ರ ನೀವು ಅಲ್ಲಾಡ್ತೀರಿ. ಅತ್ತಿಯಾರಿಗೆ ತಿಕ್ಕತೀರಿ. ಮತ್ತ ಎರಡನೇ ಗೇರು ಹಾರತೈತಿ."

ಅಲ್ಲಾಡುವ ಮಾತು ಕೇಳಿ ಒಳಗಿನಿಂದ ಅವ್ವ ಹೊರಗೆ ಬಂದಳು. "ಬಿಲ್ಲೆ ಹಂಗ ತೆಳ್ಳಗ ಇತ್ತಲ್ಲ, ನಡುವ ತೂತು ಇದ್ದದ್ದು, ಅದೇನು? ಘಟದ ದೀಪ ಅಲ್ಲಾಡಾಕತ್ತಿತ್ತು. ಒಂದು ಮಗ್ಗಲಿಗೆ ಕೆಳಗ ಸರಿಸೀನಿ. ಈಗ ಗಟ್ಟಿ ಕುಂತೈತಿ."

ಅಲ್ಲಾಡುವ ವಸ್ತುವಿನ ಕೆಳಗೆ ವಾಷರ್! ಅದು ಯಾಕೆ ಇರುತ್ತದೆ ಎಂಬುದನ್ನು ನನ್ನವ್ವ ಯಾರಿಂದಲೂ ಕಲಿಯದೆ ತಿಳಿದಿದ್ದಳು. ನಾನು ದೀಪದ ಕಡೆ ಧಾವಿಸಿದೆ. ಅವ್ವ ಅಡ್ಡ ನಿಂತಳು.

"ನೈವೇದ್ಯ ಆಗಿ ದೀಪ ಇಳಿಸೋತನಕ ಮುಟ್ಟಂಗಿಲ್ಲ!"

"ನೀ ಸರಿಸಿಲ್ಲೇನವ್ವಾ ಅದರ ಕೆಳಗ?"

"ದೀಪಕ್ಕ ಆಸರ ಕೊಡೋದು ಬ್ಯಾರೆ. ಕೊಟ್ಟ ಆಸರ ಕಸಗೊಳ್ಳೋದು ಬ್ಯಾರೆ!"

ಈ ಮಾತಿಗೆ ಮಾವನೇ, "ಖರೇ ಐತ್ರಿ ಬೀಗತಿ" ಎಂದು ತಲೆದೂಗಿದರು. ನೇಮಸ್ಥರಿಗೆ ನೇಮಸ್ಥರೇ ಜೊತೆ. ನೈವೇದ್ಯ ಆಗಬೇಕಾದರೆ ಹೋಳಿಗೆ ಆಗಬೇಕು. ಹೋಳಿಗೆ ಆಗಬೇಕಾದರೆ ಹೂರಣ ರುಬ್ಬಬೇಕು. ಹೂರಣ ರುಬ್ಬಬೇಕಾದ ಗಿರಿಜಾ ಬೆಳಗಿನಿಂದ ನನ್ನ ಬೀಗರನ್ನು ಪಂಕ್ತಿಗೆ ಕೂರಿಸುತ್ತಿದ್ದಳು. ಹೀಗಾಗಿ ಹುಲಿಹೈದರದ ಮೋಟಾರ್ ಸೈಕಲ್ಲಿನ ಗೇರ್ ಬಾಕ್ಸು ಭಾಗ್ಯನಗರದ ಹೋಳಿಗೆಯ ಮೇಲೆ ನಿಂತಿತು!

ನಾನು ಸಾಬೂನು, ಬೂದಿ, ನಿಂಬೆಸಿಪ್ಪೆ ಹಚ್ಚಿ ಕೈ ತೊಳೆದುಕೊಂಡು ರುಬ್ಬುವ ಕಲ್ಲಿನ ಮುಂದೆ ಕುಳಿತೆ. ಮಿಕ್ಸಿಯನ್ನು ಹೋದ ವಾರವೇ ರಿಪೇರಿಗೆಂದು ನಾನೇ ಬಿಚ್ಚಿಟ್ಟಿದ್ದೆ. ಮಾವ ಏಲಕ್ಕಿ ಬಿಡಿಸಿದರು. ಎಣ್ಣೆ ಸೋರದಂತೆ ಇಂಜಿನ್ನಿನ ಎರಡು ಹೋಳುಗಳ ನಡುವೆ ಇಡುವ ಕಾಗದದ ಪ್ಯಾಕಿಂಗ್ ಹರಿದಿತ್ತು, ಹಬ್ಬಕ್ಕೆ ಅಂಗಡಿಗಳೆಲ್ಲ ಬಂದ್. ಖಾಜಾಸಾಬ ಕಾಕಾ ದಪ್ಪನೆಯ ಮದುವೆ ಕಾರ್ಡೊಂದನ್ನು ಹುಡುಕಿ, "ಅಳತಿ ಅಂದ್ರ ನನ್ನ ಕೆಲಸ, ನೀ ಹೂರಣ ತಿರುವು" ಎಂದು ಕತ್ತರಿ ಹಿಡಿದು ಕುಳಿತ. ಅಷ್ಟರಲ್ಲಿ ಗಿರಿಜಾ ಅಡುಗೆಮನೆಯಿಂದ ಕೇಳಿದಳು: "ರೀ, ಲಟ್ಟಣಿಗಿ ಮೈಮ್ಯಾಲ ಇವು ಎಂಥಾ ತೆಗ್ಗು?"

ನಾನು ಹೂರಣವನ್ನು ಬಹಳ ಶ್ರದ್ಧೆಯಿಂದ ರುಬ್ಬಿದೆ.

ಆ ವರ್ಷ ದೇವಿಗೆ ಮೈತುಂಬ ಸುತ್ತಿಗೆಯ ಗುರುತಿದ್ದ ಹೋಳಿಗೆ ನೈವೇದ್ಯವಾಯಿತು. ಅವ್ವ ಮಂಗಳಾರತಿ ಮಾಡಿ, ದೀಪ ಇಳಿಸಿ, ಬೆಚ್ಚಗಿನ ವಾಷರನ್ನು ಪ್ರಸಾದದಂತೆ ನನ್ನ ಅಂಗೈಯಲ್ಲಿಟ್ಟಳು. ನಾನೂ ಕಣ್ಣಿಗೆ ಒತ್ತಿಕೊಂಡೆ. ಮಾವ, ವಾಷರ್, ಅತ್ತೆ, ಎಲ್ಲರೂ ಕೂತರು. ಈ ಸಲ ಎರಡೂ ಶಾಫ್ಟುಗಳನ್ನು ಫೋರ್ಕಿನ ಸಮೇತ ಅವಳಿ ಕೂಸುಗಳಂತೆ ಎತ್ತಿ ಮಲಗಿಸಿದೆ. ಕಾರ್ಡು ಇಟ್ಟು, ಮೇಲಿನ ಹೋಳು ಮುಚ್ಚಿದೆ. ಬಡಿಯದೆಯೇ ಮುಚ್ಚಿಕೊಂಡಿತು! ಮಾವ, ಕಾಕಾ, ನಾನು ಸೇರಿ ಇಂಜಿನ್ ಎತ್ತಿ ಚೌಕಟ್ಟಿಗೆ ಕಟ್ಟಿದೆವು. ಹೊತ್ತು ಆಗಲೇ ವಾಲಿತ್ತು.

ನಾನು ಎದೆಯುಬ್ಬಿಸಿ ಕಿಕ್ಕಿನ ಮೇಲೆ ಕಾಲಿಟ್ಟೆ.

"ಎಣ್ಣಿ ಹಾಕೀಯೇನು?" ಎಂದ ಕಾಕಾ.

ಕಾಲು ಇಳಿಸಿದೆ. ಇಂಜಿನ್ ಆಯಿಲ್ಲಿನ ಡಬ್ಬಿ ಸೀಲು ಒಡೆಯದೆ ಕಿಟಕಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಎಣ್ಣೆ ಹಾಕಿ ಒದ್ದೆ. ಮತ್ತೆ ಒದ್ದೆ. ಗಿರಿಜಾ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಮತ್ತೊಂದು ಒದೆತಕ್ಕೆ ಗಾಡಿ ಕೆಮ್ಮಿ, ಹೊಗೆ ಬಿಟ್ಟು, ಗುಡುಗುಡು ಎಂದಿತು! ಮಾವ ಹತ್ತಿದರು. ಒಂದನೇ ಗೇರು ಬಿತ್ತು. ಎರಡನೇ ಗೇರು ಬಿತ್ತು. ಓಣಿಯ ತಿರುವಿನಲ್ಲಿ ನಾವೆಲ್ಲ ಕಿವಿಗೊಟ್ಟು ನಿಂತೆವು. 'ಕಟ್' ಎಂಬ ಸದ್ದು ಬರಲಿಲ್ಲ. ಆದರೆ ಹೇಮಗುಡ್ಡ ಇನ್ನೂ ದೂರವಿತ್ತಲ್ಲ! ಗಿರಿಜಾ ಊಟಕ್ಕೂ ಕೂರದೆ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಹೊಸಿಲ ಮೇಲೆ ಕೂತಳು. ನಾನೂ ಕೂತೆ. ಒಂದು ಮೋಟರ್ ಕೂಡ ನನ್ನನ್ನು ಅಷ್ಟು ಹೊತ್ತು ಕಾಯಿಸಿಲ್ಲ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಗಿರಿಜಾ ಸ್ಪೀಕರ್ ಹಾಕಿದಳು. ಹಿಂದೆ ಗುಡಿಯ ಗಂಟೆಯ ಸದ್ದು ಕೇಳುತ್ತಿತ್ತು.

"ಯವ್ವಾ ಗಿರಿಜಾ, ಕಾಯಿ ಒಡಿಸಿದೆ. ಗಾಲಿಗೂ ನೀರು ಹಾಕಿದೆ. ಎರಡನೇ ಗೇರು ಒಮ್ಮಿನೂ ಹಾರಲಿಲ್ಲ ನೋಡು!"

ಗಿರಿಜಾ ಬಿಟ್ಟ ಉಸಿರಿಗೆ ಎದುರು ಕಟ್ಟೆಯ ಮೇಲಿದ್ದ ಕಾಕಾನೂ "ಅಲ್ಹಮ್ದುಲಿಲ್ಲಾ" ಎಂದು ಎದ್ದು ಒಳಗೆ ಹೋದ. ಹೋಳಿಗೆಗಿಂತ ಸಿಹಿಯಾದ ಆ ಕ್ಷಣದಲ್ಲಿ ನನ್ನ ಎದೆ ಹಿಗ್ಗಿ ಮತ್ತೆ ಮೊದಲಿನ ಅಳತೆಗೆ ಬಂತು.

"ಅಳಿಯಾರ" ಎಂದರು ಮಾವ ಫೋನಿನಲ್ಲಿ, "ಗೇರಿಗೆಲ್ಲಾ ನಮ್ಮ ಹೆಸರು ಇಟ್ಟೀರಂತ. ನನಗೂ ನಿಮ್ಮ ಅತ್ತಿಗೂ ನಡುವ ಒಂದು ವಾಷರ್ ಸಾಲಂಗಿಲ್ಲ, ಅದು ಇರ್ಲಿ. ನೀವು ಯಾವ ಗೇರ್ರಿ?"

"ನಾ ಗೇರಲ್ರಿ ಮಾವಾರ. ನಾ ಶಾಫ್ಟು! ಎಲ್ಲಾರನ್ನೂ ಹೊತ್ಕೊಂಡು ತಿರುಗಾವ."

ಗಿರಿಜಾ ಫೋನಿನ ಕಡೆ ಬಾಗಿದಳು. "ಸುಳ್ಳು ಅಪ್ಪಾ. ನನ್ನ ಮಗ್ಗಲಿಗೆ ಹೆಸರಿಲ್ಲದ್ದು ಒಂದು ಗೇರು ಇತ್ತು, ಅದು ಇವರು. ಬೆರಳಿನಿಂದ ತಿರುವಿ ನೋಡಿದೆ. ಗಿರ್ರ್ ಅಂತ ಸುಮ್ಮನ ತಿರಗತೈತಿ, ಏನೂ ಕೆಲಸ ಇಲ್ಲ. ಮಗ್ಗಲದಾಕಿ ಸರದು ಬಂದು ಹಿಡದ್ರ ಮಾತ್ರ ಗಾಡಿ ಮುಂದ ಹೋಗತೈತಿ."

ಹೇಮಗುಡ್ಡದಲ್ಲಿ ಮಾವ ನಕ್ಕದ್ದು ಭಾಗ್ಯನಗರಕ್ಕೆ ಫೋನಿಲ್ಲದೆಯೂ ಕೇಳುತ್ತಿತ್ತೇನೋ.

ನಾನು ಉತ್ತರ ಹುಡುಕುತ್ತಾ ಪಡಸಾಲೆಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ತಿರುಗಿದೆ. ಗಿರಿಜಾ ಒಳಗಿನಿಂದ ಕರೆದಳು: "ರೀ, ಸುಮ್ಮನ ತಿರಗಬ್ಯಾಡ್ರಿ. ಆ ಮಿಕ್ಸಿನೂ ಜೋಡಿಸ್ರಿ. ನಾ ಮುಂದ ಕುಂತು ಹೇಳ್ತೀನಿ."

ಹೋಗಿ ಕುಳಿತೆ.